ಹಾರ ಹಾಕಿದ್ದು ಸರಿ, ಹಿಂದಿನ ಚಕ್ರ ಬಿಚ್ಚಲು ಬರುತ್ತದಾ?

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಒಂದು ಫೋಟೊ ಬಂದಿತ್ತು. ನಮ್ಮ ಕಡೆಯ ಹುಡುಗನೊಬ್ಬ ಒಬ್ಬನೇ ಬೈಕಿನಲ್ಲಿ ಲಡಾಖ್‌ಗೆ ಹೊರಟಿದ್ದಾನೆ. ಹೆಡ್‌ಲೈಟಿಗೆ ಶಂಕರಪುರ ಮಲ್ಲಿಗೆ, ಹ್ಯಾಂಡಲ್‌ಗೆ ಬಾವುಟ, ಪಕ್ಕದಲ್ಲಿ ಶಾಲು ಹಿಡಿದ ನಾಲ್ಕು ಮಂದಿ. ನೋಡಿ ಖುಷಿಯಾಯಿತು. ಆದರೆ ಅಭ್ಯಾಸ ನೋಡಿ, ನನ್ನ ಕಣ್ಣು ಹೋದದ್ದು ಚೈನ್ ಮೇಲೆ. ಪತ್ರಿಕೆಯ ಫೋಟೊದಲ್ಲೂ ಕಾಣುವಷ್ಟು ಜೋತುಬಿದ್ದಿತ್ತು.

ನಾನು ಮಲ್ಪೆ ಬಂದರಿನಲ್ಲಿ ಮೂವತ್ತು ವರ್ಷದಿಂದ ಬೋಟಿನ ಇಂಜಿನ್ ಕೆಲಸ ಮಾಡುವವನು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ರಜೆ. ಬೇರೆಯವರಿಗೆ ರಜೆ, ನಮಗೆ ಆ 61 ದಿನ ಊಟಕ್ಕೂ ಪುರುಸೊತ್ತಿಲ್ಲ. ಆಳಸಮುದ್ರದ ಬೋಟು ಒಮ್ಮೆ ಹೊರಟರೆ ಹತ್ತು ದಿನ ಕಡಲಲ್ಲೇ. ಅಲ್ಲಿ ಯಾವ ಮೆಕ್ಯಾನಿಕ್ ಸಿಗುತ್ತಾನೆ? ಹಾಗಾಗಿ ನಾನು ಇಂಜಿನ್ ಬಿಚ್ಚುವಾಗ ತಾಂಡೇಲರು, ಅಂದರೆ ಬೋಟು ನಡೆಸುವವರು, ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿರುತ್ತಾರೆ. ಎಂತ ಬದಲಾಯಿಸಿದೆ ಎಂದು ಕೇಳುವುದು ಕಡಿಮೆ. "ಇದು ಅಲ್ಲಿ ಕೈಕೊಟ್ಟರೆ ನಾನು ಬಿಚ್ಚುವುದು ಹೇಗೆ?" ಎಂದು ಕೇಳುವುದೇ ಜಾಸ್ತಿ.

ಬೈಕ್ ಸರ್ವಿಸ್‌ಗೆ ಕೊಟ್ಟರೆ ಎಂತ ನಡೆಯುತ್ತದೆ? ಬಾಗಿಲಲ್ಲೇ ಬೋರ್ಡು: ಗಿರಾಕಿಗಳಿಗೆ ಒಳಗೆ ಪ್ರವೇಶವಿಲ್ಲ. ನಾವು ಸೋಫಾದಲ್ಲಿ ಕೂತು ಟಿವಿ ನೋಡಬೇಕು. ಸಂಜೆ ಬೈಕ್ ಪಳಪಳ ಹೊಳೆಯುತ್ತ ಬರುತ್ತದೆ, ಜೊತೆಗೆ ಉದ್ದದ ಬಿಲ್ಲು.

ನನಗೂ ಹಾಗೇ ಆಗಿತ್ತು. 2016ರಲ್ಲಿ ಬೋಟುಗಳೆಲ್ಲ ಕಡಲಿಗಿಳಿದ ಮೇಲೆ, ಆಗಸ್ಟ್ ಕೊನೆಗೆ ಬಿಡುವು ಮಾಡಿಕೊಂಡು ಬುಲೆಟ್‌ನಲ್ಲಿ ಒಬ್ಬನೇ ಲೇಹ್‌ಗೆ ಹೊರಟೆ. ಒಂದು ಬದಿಗೇ ಮೂರು ಸಾವಿರ ಕಿ.ಮೀ.ಗೂ ಜಾಸ್ತಿ. ಮಳೆಗಾಲವಿಡೀ ಬಂದರಿನ ಕೆಲಸವೇ ಆಗಿ, ನನ್ನ ಬೈಕಿಗೆ ನಾನೇ ಕೈ ಹಾಕಲು ಆಗಲಿಲ್ಲ. ಸರ್ವಿಸ್‌ಗೆ ಕೊಟ್ಟೆ. ಬಿಲ್ಲಿನಲ್ಲಿ "ವೀಲ್ ಗ್ರೀಸಿಂಗ್" ಎಂದು ಬರೆದಿತ್ತು. ನಂಬಿದೆ. ಮೆಕ್ಯಾನಿಕ್ ಆದ ನಾನೇ ನಂಬಿದೆ, ನಾಚಿಕೆಗೇಡು!

ಮನಾಲಿಯಿಂದ ಲೇಹ್‌ಗೆ ಹೋಗುವ ದಾರಿಯಲ್ಲಿ ಪಾಂಗ್ ದಾಟಿ ಮೋರೆ ಬಯಲು ಅಂತ ಬರುತ್ತದೆ. 4,700 ಮೀಟರ್‌ಗೂ ಎತ್ತರದಲ್ಲಿ ಕಣ್ಣು ಹಾಯುವವರೆಗೆ ಸಮತಟ್ಟು ನೆಲ, ಒಂದು ಮರ ಇಲ್ಲ. ಅಲ್ಲಿ ಹಿಂದಿನ ಟೈರ್‌ಗೆ ಮೊಳೆ. ಟ್ಯೂಬ್ ಇರುವ ಚಕ್ರ, ಬಿಚ್ಚದೆ ಗತಿಯಿಲ್ಲ. ಬೋಟು ಕಟ್ಟುವಲ್ಲಿಂದ ತಂದಿದ್ದ ಪ್ಲೈವುಡ್ ತುಂಡನ್ನು ಮಣ್ಣಿನ ಮೇಲಿಟ್ಟು ಬೈಕನ್ನು ನಡು ಸ್ಟ್ಯಾಂಡ್‌ಗೆ ಏರಿಸಿದೆ. ಸಾಮಾನೆಲ್ಲ ಇಳಿಸಿದೆ. ಸ್ಪ್ಯಾನರ್ ಹಾಕಿದೆ. ಚಕ್ರದ ನಡುವಿನ ಸರಳು, ಅಂದರೆ ಆಕ್ಸಲ್‌ನ ನಟ್ ಅಲ್ಲಾಡಲಿಲ್ಲ.

ಸರ್ವಿಸ್‌ನವರು ಅದನ್ನು ಗಾಳಿ ಗನ್‌ನಲ್ಲಿ, ಅಂದರೆ ಗಾಳಿಯ ಒತ್ತಡದಿಂದ ನಟ್ ತಿರುಗಿಸುವ ಯಂತ್ರದಲ್ಲಿ, ಬಿಗಿದಿದ್ದರು. ನನ್ನ ಕೈಯಲ್ಲಿದ್ದದ್ದು ಒಂದು ಗೇಣಿಗಿಂತ ಚಿಕ್ಕ ಸ್ಪ್ಯಾನರ್. ಕಾಲಿಟ್ಟು ಒತ್ತಿದೆ. ಅಲ್ಲಿ ಉಸಿರಾಡುವ ಗಾಳಿ ನಮ್ಮ ಮಲ್ಪೆಯ ಗಾಳಿಯ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಎರಡು ಸಲ ಒತ್ತಿದರೆ ಎದೆ ಡಬಡಬ. ಕೂತೆ, ಎದ್ದೆ, ಒತ್ತಿದೆ. ಹೀಗೇ ಒಂದು ಗಂಟೆ. ಕೊನೆಗೆ ಸೇನೆಯ ಲಾರಿಯೊಂದು ನಿಂತಿತು. ಡ್ರೈವರ್ ಒಂದು ಮಾತೂ ಆಡದೆ ಮೂರಡಿ ಪೈಪ್ ತಂದು ಸ್ಪ್ಯಾನರ್‌ನ ಬಾಲಕ್ಕೆ ತೊಡಿಸಿ ಒಮ್ಮೆ ಒತ್ತಿದ. ಕ್ರೀಂ ಎಂದು ಬಿಟ್ಟಿತು.

ಅಲ್ಲಿಗೆ ಮುಗಿಯಲಿಲ್ಲ ಮಾರಾಯ್ರೆ. ನಟ್ ಬಂತು, ಆಕ್ಸಲ್ ಬರಲಿಲ್ಲ. ಸುತ್ತಿಗೆಯಲ್ಲಿ ಬಡಿದು ಬಡಿದು ಎಳೆದಾಗ ಕೆಂಪು ತುಕ್ಕು ಪುಡಿಪುಡಿಯಾಗಿ ಉದುರಿತು. ಗ್ರೀಸ್‌ನ ವಾಸನೆಯೂ ಇರಲಿಲ್ಲ. ನಮ್ಮ ಉಪ್ಪು ಗಾಳಿ, ನಾಲ್ಕು ತಿಂಗಳ ಮಳೆ, ಎರಡೂ ಸೇರಿ ಕಬ್ಬಿಣಕ್ಕೆ ಎಂತ ಮಾಡುತ್ತದೆ ಅಂತ ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಹೊರಗೆ ಪಾಲಿಶ್ ಹಾಕಿದ ಬೈಕಿನ ಒಳಗೆ ಅದು ಸುಮ್ನೆ ಕೂತು ಕೆಲಸ ಮಾಡುತ್ತಿರುತ್ತದೆ.

ಈಗ ನನ್ನ ಅಕ್ಕನ ಮಗ ಹೊರಡುತ್ತೇನೆ ಅನ್ನುತ್ತಿದ್ದಾನೆ. ಹೆಲ್ಮೆಟ್‌ಗೆ ಕ್ಯಾಮೆರಾ, ಮೊಬೈಲ್ ಸ್ಟ್ಯಾಂಡ್, ಎರಡು ಫಾಗ್ ಲೈಟ್, ಮೊಣಕಾಲಿಗೆ ಕವಚ, ಎಲ್ಲ ತಂದಾಯಿತು. "ಟೈರ್ ಬಿಚ್ಚಿದ್ದೀಯಾ?" ಎಂದು ಕೇಳಿದೆ. "ವಿಡಿಯೊ ನೋಡಿದ್ದೇನೆ ಮಾವ" ಅಂದ. ಸರಿ, ಅಂಗಳಕ್ಕೆ ಬಾ ಅಂದೆ.

ಮೊದಲ ಭಾನುವಾರ ಹಿಂದಿನ ಚಕ್ರಕ್ಕೆ ಅವನಿಗೆ ಮೂರು ಗಂಟೆ ಬೇಕಾಯಿತು. ಟೈರ್ ಎಬ್ಬಿಸುವ ಲಿವರ್ ತಾಗಿಸಿ ಹೊಸ ಟ್ಯೂಬನ್ನೇ ಹರಿದ. ಎರಡನೇ ಭಾನುವಾರ ತೋರಿಸಿದೆ: ಟ್ಯೂಬ್ ಒಳಗಿಡುವ ಮೊದಲು ಅದು ದುಂಡಗಾಗುವಷ್ಟು ಗಾಳಿ ಹೊಡೆದುಕೋ, ಆಗ ಲಿವರ್‌ಗೆ ಸಿಕ್ಕುವುದಿಲ್ಲ. ಟೈರ್‌ನ ಅಂಚಿಗೆ ಸೋಪು ನೀರು ಹಚ್ಚು. ಕೊನೆಯ ಗೇಣಷ್ಟು ಭಾಗ ಹತ್ತದೆ ಹಟ ಮಾಡಿದರೆ ಬಲ ಹಾಕಬೇಡ. ಎದುರು ಬದಿಯ ಅಂಚನ್ನು ಮೊಣಕಾಲಲ್ಲಿ ಒತ್ತಿ ರಿಮ್‌ನ ನಡುವಿನ ಗುಂಡಿಗೆ ಇಳಿಸು, ಈಚೆ ಬದಿ ತಾನಾಗಿ ಸಡಿಲ ಆಗುತ್ತದೆ. ಮೊಳೆ ಚುಚ್ಚಿದ್ದರೆ ಪ್ಯಾಚ್ ಹಾಕಿದ ಕೂಡಲೇ ಟೈರ್ ಹಾಕಬೇಡ, ಮೊದಲು ಒಳಗೆ ಬೆರಳಾಡಿಸಿ ನೋಡು, ಮೊಳೆ ಇನ್ನೂ ಅಲ್ಲೇ ಇರಬಹುದು. ಮೂರನೇ ಭಾನುವಾರ ಮುಕ್ಕಾಲು ಗಂಟೆಯಲ್ಲಿ ಮುಗಿಸಿದ. ಕ್ಯಾಮೆರಾ ಆನ್ ಮಾಡಲು ಅವನಿಗೆ ನೆನಪೇ ಆಗಲಿಲ್ಲ.

ಚೈನ್‌ನ ಎರಡು ತುದಿ ಜೋಡಿಸುವ ಚೈನ್ ಲಾಕ್ ವಿಷಯವೂ ಹಾಗೇ. ಹೇರ್‌ಪಿನ್‌ನಂಥ ಆ ಕ್ಲಿಪ್‌ಗೆ ಒಂದು ಬದಿ ಬಾಯಿ, ಒಂದು ಬದಿ ಮುಚ್ಚಿದ ತಲೆ ಇರುತ್ತದೆ. ಚೈನ್ ಓಡುವ ದಿಕ್ಕಿಗೆ ಮುಚ್ಚಿದ ತಲೆ ಇರಬೇಕು. ತಿರುಗಿಸಿ ಹಾಕಿದರೆ ಯಾವುದಕ್ಕಾದರೂ ತಾಗಿ ಕ್ಲಿಪ್ ಹಾರಿಹೋಗಬಹುದು. ಕೂದಲೆಳೆಯಷ್ಟು ವಿಷಯ, ಆದರೆ ಹೇಳಿಕೊಡುವವರು ಯಾರು? ಕ್ಲಚ್ ಕೇಬಲ್ ಒಂದು ಜಾಸ್ತಿ ತೆಗೆದುಕೊಂಡು, ಹಳೆಯದರ ಪಕ್ಕದಲ್ಲೇ ಟೇಪ್ ಸುತ್ತಿ ಎಳೆದಿಟ್ಟಿದ್ದೇವೆ. ತುಂಡಾದರೆ ಟ್ಯಾಂಕ್ ಬಿಚ್ಚುವ ರಗಳೆ ಇಲ್ಲ, ಎರಡು ತುದಿ ಸಿಕ್ಕಿಸಿದರೆ ಆಯಿತು. ಸಾಮಾನು ಕಟ್ಟಲು ಹೂಕ್ ಹಗ್ಗ ಬೇಡ ಅಂದೆ. ಪಂಕ್ಚರ್ ಅಂಗಡಿಯಲ್ಲಿ ಹಳೆಯ ಟ್ಯೂಬ್ ಸೀಳಿದ ಪಟ್ಟಿ ಸಿಗುತ್ತದೆ, ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಆರ್‌ಸಿ, ಲೈಸನ್ಸ್, ಇನ್ಶೂರೆನ್ಸ್, ಹೊಗೆ ಸರ್ಟಿಫಿಕೇಟ್ ಎಲ್ಲರಿಗೂ ಗೊತ್ತು, ಬರೆಯುವುದಿಲ್ಲ.

ಪೆಟ್ರೋಲ್ ಬಗ್ಗೆ ಒಂದು ಮಾತು. ಮನಾಲಿ ದಾರಿಯ ತಾಂಡಿ ಪಂಪ್‌ನಲ್ಲಿ, ಮುಂದಿನ ಪಂಪ್ 365 ಕಿ.ಮೀ. ಎಂದು ದೊಡ್ಡ ಬೋರ್ಡು ಇತ್ತು. ನನ್ನ ಟ್ಯಾಂಕ್ 13.5 ಲೀಟರ್. ನಮ್ಮ ಹೆದ್ದಾರಿ 66ರ ಲೆಕ್ಕದಲ್ಲಿ ಧಾರಾಳ ಸಾಕು. ಆದರೆ ಅಲ್ಲಿ ಇಡೀ ದಿನ ಎರಡನೇ ಗೇರ್. ಕಾರ್ಬರೇಟರ್ ಬೈಕ್ ಆದರೆ ಗಾಳಿ ತೆಳ್ಳಗಾದಂತೆ ಪೆಟ್ರೋಲ್ ಜಾಸ್ತಿಯಾಗಿ ಕಪ್ಪು ಹೊಗೆ ಬಿಡುತ್ತದೆ, ಏರಲು ಕೇಳುವುದಿಲ್ಲ. ಹದಿನೇಳು ಸಾವಿರ ಅಡಿಗೂ ಎತ್ತರದ ತಂಗ್‌ಲಾಂಗ್ ಲಾ ಎಂಬ ಘಾಟಿ ಏರುವಾಗ ನನ್ನ ಬುಲೆಟ್ ಆಸ್ತಮಾ ರೋಗಿಯ ಹಾಗೆ ಕೆಮ್ಮಿತು. ಐದು ಲೀಟರ್ ಕ್ಯಾನ್ ಇದ್ದದ್ದರಿಂದ ಬಚಾವ್.

ಇಷ್ಟೆಲ್ಲ ಬರೆಯುವ ಕಾರಣ ಹೇಳಿಬಿಡುತ್ತೇನೆ. ಉಡುಪಿ, ಮಂಗಳೂರಿನ ಸರ್ವಿಸ್ ಸೆಂಟರ್‌ನವರಲ್ಲಿ ನನ್ನದೊಂದು ಕೋರಿಕೆ. ದೂರ ಹೊರಡುವವನು ಬಂದರೆ ಒಂದೇ ಒಂದು ಗಂಟೆ ಅವನನ್ನು ಒಳಗೆ ಬಿಡಿ. ಅವನ ಕೈಯಿಂದಲೇ, ಅವನು ಒಯ್ಯುವ ಸ್ಪ್ಯಾನರ್‌ನಿಂದಲೇ ಚಕ್ರ ಬಿಚ್ಚಿಸಿ, ಹಾಕಿಸಿ. ಗಾಳಿ ಗನ್ ಬದಿಗಿಡಿ. ಅಪಾಯ ಉಂಟು, ನಿಯಮ ಉಂಟು ಅನ್ನಬಹುದು. ಒಳಗೆ ಬಿಡಲಾಗದಿದ್ದರೆ ಹೊರಗೆ ಶೆಡ್‌ನಲ್ಲಾದರೂ ಆಗಬಹುದಲ್ವಾ? ಐಟಿಐಗಳಲ್ಲಿ ಭಾನುವಾರ ಶೆಡ್ ಖಾಲಿ ಇರುತ್ತದೆ, ಅಲ್ಲಿ ಮಾಡಿದರೆ ಇನ್ನೂ ಒಳ್ಳೆಯದು. ಹುಡುಗಿಯರೂ ಈಗ ಒಬ್ಬೊಬ್ಬರೇ ಹೋಗುತ್ತಾರೆ, ಅವರಿಗೂ ಬೇಕು.

ನಿಮ್ಮಲ್ಲೂ ಒಂದು ಕೋರಿಕೆ ಉಂಟು ಸಂಪಾದಕರೇ. ಹಾರದ ಫೋಟೊ ಹಾಕಿ, ಬೇಡ ಅನ್ನುವುದಿಲ್ಲ. ಪಕ್ಕದಲ್ಲಿ ಟೂಲ್ ಬ್ಯಾಗ್ ಬಿಚ್ಚಿಟ್ಟ ಫೋಟೊ ಕೂಡ ಒಂದಿರಲಿ. ವರದಿಗಾರರು "ಎಷ್ಟು ಕಿ.ಮೀ., ಎಷ್ಟು ದಿನ" ಎಂದು ಕೇಳಿದ ಮೇಲೆ "ಪಂಕ್ಚರ್ ಹಾಕಲು ಬರುತ್ತದಾ?" ಎಂದೂ ಕೇಳಲಿ.

ಕಲಿಸಲು ಯಾರಾದರೂ ಜಾಗ ಕೊಟ್ಟರೆ ಹಳೆಯ ಟೈರ್, ಮೂರು ಲಿವರ್, ಒಂದು ಬಾಲ್ದಿ ಸೋಪು ನೀರು ಹಿಡಿದುಕೊಂಡು ನಾನೇ ಬರುತ್ತೇನೆ. ಮೂರಡಿ ಪೈಪ್ ಕೂಡ ತರುತ್ತೇನೆ. ಜೂನ್, ಜುಲೈ ಮಾತ್ರ ಬೇಡ.

ಇತಿ,
ಬೋಟ್ ಇಂಜಿನ್ ಮೆಕ್ಯಾನಿಕ್, ಮಲ್ಪೆ