ಜನರೇಟರ್ ಲೈನ್ ಆಫ್ ಮಾಡಿದ ಅಣ್ಣನಿಗೆ

ಪೂಲಿನ ತಳದ ಡ್ರೈನಿಗೆ, ಅಂದರೆ ಪಂಪು ನೀರೆಳೆಯುವ ತೂತಿಗೆ, ಸಿಕ್ಕಿ ಮುಳುಗಿದ್ದ ಮಗು ಮತ್ತೆ ಶಾಲೆಗೆ ಹೋಗತೊಡಗಿದೆ. ಕೈಲ್ ಮುಹೂರ್ತದ ಹಬ್ಬ ಕಳೆದ ಮೇಲೆ ಬಂದ ಈ ಸುದ್ದಿಗಾಗಿಯೇ ಕಾದಿದ್ದೆವು. ಆಸ್ಪತ್ರೆಯ ದಿನಗಳು ನಿಮಗೆಲ್ಲ ಗೊತ್ತಿರುವುದೇ, ಮತ್ತೆ ಹೇಳುವುದಿಲ್ಲ. ಕೊಡಗಿನ ಮನೆ, ಹೋಂಸ್ಟೇಗಳ ಪೂಲ್ ರಿಪೇರಿ ಮಾಡುವ ನಾವು ಇದನ್ನು ಬರೆಯುತ್ತಿರುವುದು ಮುಖ್ಯವಾಗಿ ಒಬ್ಬರಿಗೆ, ಆ ಪೂಲಿನ ಪಂಪು ನೋಡಿಕೊಳ್ಳುವ ಅಣ್ಣನಿಗೆ.

ಅಣ್ಣಾ, ಕಕ್ಕಡ ತಿಂಗಳ ಮಳೆಯ ಆ ಸಂಜೆ ಇದ್ದವರೆಲ್ಲ ನೀರಿಗೆ ಧುಮುಕಿ ಮಗುವನ್ನು ಎಳೆಯುತ್ತಿದ್ದರೆ ನೀವೊಬ್ಬರು ಪಂಪ್ ರೂಮಿನ ಕಡೆ ಓಡಿದಿರಿ. ಮಗು ಉಳಿದದ್ದು ಆ ಓಟದಿಂದ. ಮುಚ್ಚಳ ಕಳಚಿದ ತಳದ ಡ್ರೈನಿನ 8 ಇಂಚಿನ ಬಾಯಿಗೆ ಮೈ ಪೂರ್ತಿ ಕೂತರೆ, ಅರ್ಧ ವಾಯುಭಾರದ ಸೆಳೆತಕ್ಕೇ 150 ಕಿಲೋಗೂ ಮೀರಿದ ಬಲ ಬೀಳುತ್ತದೆ. ತೋಳಬಲ ಅಲ್ಲಿ ನಡೆಯದು. ಅಮೆರಿಕದಲ್ಲಿ 2002ರಲ್ಲಿ 7 ವರ್ಷದ ವರ್ಜೀನಿಯಾ ಗ್ರೇಮ್ ಬೇಕರ್ ಹೀಗೆಯೇ ತೀರಿಕೊಂಡಳು. ಇಬ್ಬರು ಎಳೆದ ರಭಸಕ್ಕೆ ಡ್ರೈನಿನ ಮುಚ್ಚಳವೇ ಮುರಿದಿತ್ತು. 2007ರಲ್ಲಿ ಅವಳ ಹೆಸರಿನಲ್ಲೇ ಅಲ್ಲಿ ಪೂಲ್ ಸುರಕ್ಷತೆಯ ಕಾನೂನು ಬಂತು. ಮೊದಲು ಪಂಪು ನಿಲ್ಲಬೇಕು. ಆಮೇಲೂ ನೇರವಾಗಿ ಎಳೆಯದೆ, ಮೈಗೂ ಡ್ರೈನಿನ ಅಂಚಿಗೂ ನಡುವೆ ಕೈ ತೂರಿಸಿ ಪಕ್ಕಕ್ಕೆ ಹೊರಳಿಸಬೇಕು. ನೀವು ಕೂಗಿ ಹೇಳಿದ್ದೂ ಅದನ್ನೇ.

ಮೇನ್ ಸ್ವಿಚ್ಚನ್ನು ಯಾರೋ ಆಗಲೇ ಆಫ್ ಮಾಡಿದ್ದರು, ಆದರೂ ಪಂಪು ನಿಂತಿರಲಿಲ್ಲ. ಕರೆಂಟೇ ಇರಲಿಲ್ಲ, ಪಂಪು ಓಡುತ್ತಿದ್ದದ್ದು ಜನರೇಟರಿನಲ್ಲಿ. ಆ ಲೈನಿನ ಸ್ವಿಚ್ ಎಲ್ಲಿದೆಯೆಂದು ನಿಮಗೆ ಮಾತ್ರ ಗೊತ್ತಿತ್ತು. ಮಳೆಗಾಲವಿಡೀ ಮರ ಬಿದ್ದು ಕರೆಂಟ್ ಹೋಗುವ ಊರು ನಮ್ಮದು, ಆದರೂ ಕರೆಂಟ್ ಸೋರಿದೊಡನೆ ಲೈನ್ ಕಡಿದು ಶಾಕ್‌ನಿಂದ ಕಾಯುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿಯನ್ನು ಎಷ್ಟೋ ಕಡೆ ಚೇಂಜ್‌ಓವರ್‌ಗಿಂತ (ಕರೆಂಟಿನಿಂದ ಜನರೇಟರಿಗೆ ಬದಲಿಸುವ ಸ್ವಿಚ್ಚಿಗಿಂತ) ಮೊದಲೇ ಕೂರಿಸಿಬಿಟ್ಟಿರುತ್ತಾರೆ. ಜನರೇಟರ್ ಓಡುವಾಗ ಅದರ ಕಾವಲು ಇರುವುದೇ ಇಲ್ಲ. ಚೇಂಜ್‌ಓವರ್ ದಾಟಿದ ಮೇಲೆ, ಪಂಪು ಮತ್ತು ಲೈಟಿನ ಲೈನಿನಲ್ಲೇ ಅದು ಇರಬೇಕು. ಜನರೇಟರಿನ ನ್ಯೂಟ್ರಲ್ ತಂತಿಗೂ ಅರ್ತಿಂಗ್ (ನೆಲಕ್ಕೆ ಸಂಪರ್ಕ) ಬೇಕು.

ಮೇಲೆ ತಂದ ಮೇಲೆ ಹೊಟ್ಟೆ ಒತ್ತಿ ನೀರು ತೆಗೆಯಲು ಬಂದವರನ್ನು ನೀವು ತಡೆದಿರಿ. ಮುಳುಗಿದವರಿಗೆ ಮೊದಲು ಬೇಕಾದ್ದು ಉಸಿರು. 5 ಸಲ ಉಸಿರು ಕೊಟ್ಟು, ಆಮೇಲೆ ಎದೆಯನ್ನು 30 ಸಲ ಒತ್ತಿ, ಮತ್ತೆ 2 ಉಸಿರು. ನಿಮಿಷಕ್ಕೆ 100ರಿಂದ 120ರ ಲಯ, ಮಗುವಿನ ಎದೆ ಮೂರನೇ ಒಂದು ಭಾಗ ಇಳಿಯುವಷ್ಟು ಒತ್ತು. ಕೆಮ್ಮಿ ಅತ್ತ ಮೇಲೆ ‘ಇನ್ನೇನು, ಸರಿಹೋಯಿತಲ್ಲ’ ಎಂದವರ ಮಾತನ್ನೂ ನೀವು ಕೇಳಲಿಲ್ಲ. ಒಳಗೆ ಹೋದ ನೀರು ಗಂಟೆಗಳ ಮೇಲೆ ಶ್ವಾಸಕೋಶಕ್ಕೆ ತೊಂದರೆ ಕೊಡಬಹುದು. ಮಂಜಿನಲ್ಲಿ ಮಡಿಕೇರಿ ಸೇರುವವರೆಗೂ ಮಗುವಿನ ಉಸಿರು ನೋಡುತ್ತಲೇ ಕೂತಿರಿ. ಬೆಳಗಾಗುವವರೆಗೆ ವಾರ್ಡಿನ ಬಾಗಿಲು ಬಿಟ್ಟು ಕದಲಲಿಲ್ಲ.

ಆ ಮುಚ್ಚಳಕ್ಕೆ 2 ಸ್ಕ್ರೂ ಇರಲಿಲ್ಲ. ತೊಳೆದು ಮತ್ತೆ ಕೂರಿಸುವಾಗ ನಮ್ಮ ಕಸುಬಿನವರೇ ಯಾರೋ ಬಿಟ್ಟದ್ದು. ಎರಡು ಸ್ಟೀಲ್ ಸ್ಕ್ರೂ. ಅದನ್ನು ನೆನೆದರೆ ಗಂಟಲು ಕಟ್ಟುತ್ತದೆ, ಆ ತಾಯಿಯ ಮುಖ ನೋಡುವ ಧೈರ್ಯ ಬರುವುದಿಲ್ಲ.

ಈಗ ಅಲ್ಲಿ ಡ್ರೈನ್ ಒಂದಲ್ಲ, ಎರಡು. ನಡುವೆ 3 ಅಡಿಗೂ ಹೆಚ್ಚು ಅಂತರ, ಮೇಲೆ ಉಬ್ಬು ಮುಚ್ಚಳ, ಎಲ್ಲ ಸ್ಕ್ರೂ ಭದ್ರ. ಎರಡೂ ಒಂದೇ ಪೈಪಿಗೆ ಸೇರುವುದರಿಂದ ಒಂದು ಮುಚ್ಚಿದರೂ ಇನ್ನೊಂದರಿಂದ ನೀರು ಬರುತ್ತದೆ. ನಾಲ್ಕೂ ಕಡೆ 4 ಅಡಿ ಬೇಲಿ, ತಾನೇ ಮುಚ್ಚಿ ಚಿಲಕ ಬೀಳುವ ಗೇಟು. ಮಳೆಗೆ ನೀರು ಕದಡಿ ತಳದ ಮುಚ್ಚಳ ಕಾಣದಿದ್ದರೆ ಪೂಲ್ ಬಂದ್.

ದಾರಿ ಬಿಡಿಸಿದ ಜೀಪಿನವರಿಗೆ, 108ರ ಸಿಬ್ಬಂದಿಗೆ, ಡಾಕ್ಟರು, ಸಿಸ್ಟರುಗಳಿಗೆ, ಊಟ ಕಳಿಸಿದ ತೋಟದ ಲೈನ್ ಮನೆಯ ಅಕ್ಕಂದಿರಿಗೆ ಕೈಮುಗಿಯುತ್ತೇವೆ.

ಅಣ್ಣಾ, ಪೂಲಿನ ದಡದಲ್ಲೇ ಕೈಗೆ ಸಿಗುವಂತೆ ಕೆಂಪು ಬಟನ್ ಹಾಕಿದ್ದೇವೆ. ಒತ್ತಿದರೆ ಎರಡೂ ಲೈನಿನಿಂದ ಪಂಪು ನಿಲ್ಲುತ್ತದೆ. ಹುತ್ತರಿ ಹಬ್ಬಕ್ಕೆ ಮಗುವನ್ನು ಕರೆದುಕೊಂಡು ಮನೆಯವರು ನಿಮ್ಮ ಮನೆಗೇ ಬರುತ್ತಾರಂತೆ.