ಚಹಾ ಚರಟ ಕುಂಡಕ್ಕೆ ಹಾಕುವ ಮುಂಚೆ ಒಮ್ಮೆ ತೊಳೆಯಿರಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಚಹಾ ಸೋಸಿ ಉಳಿದ ಚರಟವನ್ನು ಮನೆಯಲ್ಲಿ ಹೇಗೆಲ್ಲಾ ಬಳಸಬಹುದು ಅಂತ ಒಂದು ಪುಟ್ಟ ಬರಹ ಹಾಕಿದ್ದಿರಿ. ಓದಿ ತುಂಬಾ ಖುಷಿಯಾಯಿತು. ಹದಿನೈದು ವರ್ಷದಿಂದ ಓಣಿಯವರಿಗೆಲ್ಲ ನಾನು ಹೇಳುತ್ತಾ ಬಂದಿರುವುದೂ ಇದನ್ನೇ. ಆದರೆ ಆ ಬರಹದಲ್ಲಿ ಒಂದು ಮಾತು ಬಿಟ್ಟುಹೋಗಿದೆ. ಅದೊಂದು ಇಲ್ಲದಿದ್ದರೆ ಉಳಿದ ಸಲಹೆಗಳೆಲ್ಲ ಕೈಕೊಡುತ್ತವೆ. ಅದಕ್ಕೇ ಈ ಪತ್ರ.

‘ಸೋಸಿದ ಚರಟವನ್ನು ನೇರವಾಗಿ ಕುಂಡಕ್ಕೆ ಹಾಕಿ’ ಅಂತ ಅದರಲ್ಲಿತ್ತು. ಬರೀ ಎಲೆಗೆ ಬಿಸಿನೀರು ಹೊಯ್ದು ಕುಡಿಯುವವರ ಮನೆಯಲ್ಲಿ ಅದು ನಡೆಯುತ್ತದೆ. ನಮ್ಮ ಚಹಾ ಹಾಗಲ್ಲವಲ್ಲ! ಧಾರವಾಡದ ಯಾವ ಮನೆಗೆ ಹೋದರೂ ಪುಡಿ, ಸಕ್ಕರೆ, ಜಜ್ಜಿದ ಶುಂಠಿ, ಹಾಲು ಎಲ್ಲಾ ಒಂದೇ ಪಾತ್ರೆಯಲ್ಲಿ ಕುದಿಯುತ್ತವೆ. ಜರಡಿಯಲ್ಲಿ ಉಳಿಯುವುದು ಬರೀ ಚಹಾ ಎಲೆಯಲ್ಲ. ಹಾಲಿನ ಜಿಡ್ಡು, ಸಕ್ಕರೆ ಎರಡೂ ಅದಕ್ಕೆ ಅಂಟಿರುತ್ತವೆ. ಇನ್ನೊಂದು ವಿಷಯ. ನಾವು ಬಳಸುವುದು ಹೆಚ್ಚಾಗಿ ಸಿಟಿಸಿ ಪುಡಿ. ಯಂತ್ರದಲ್ಲಿ ಎಲೆಯನ್ನು ಜಜ್ಜಿ, ಹರಿದು, ಸುರುಳಿ ಸುತ್ತಿ ಮಾಡಿದ ಸಣ್ಣ ಕಾಳು ಅದು. ಉದ್ದ ಎಲೆಯಂತೆ ಸಡಿಲವಾಗಿ ಬೀಳುವುದಿಲ್ಲ, ಒಂದಕ್ಕೊಂದು ಅಂಟಿ ಕೂರುತ್ತದೆ.

ನಮ್ಮ ಅತ್ತೆಯವರ ಮಲ್ಲಿಗೆ ಕುಂಡದಲ್ಲಿ ಆಗಿದ್ದು ಇದೇ. ಆಗ ನಾನು ಹೊಸ ಉತ್ಸಾಹದಲ್ಲಿ ದಿನಾ ಎರಡು ಹೊತ್ತು ಜರಡಿ ತಂದು ಆ ಕುಂಡಕ್ಕೇ ಕೊಡವುತ್ತಿದ್ದೆ. ಒಂದು ವಾರ ಚೆನ್ನಾಗಿಯೇ ಇತ್ತು. ಎರಡನೇ ವಾರಕ್ಕೆ ಇರುವೆ ಸಾಲು ಹಿಡಿಯಿತು. ಆಮೇಲೆ ಸಣ್ಣ ಕರಿ ನೊಣಗಳು. ಕುಂಡ ಸರಿಸಿದರೆ ಸಾಕು, ಗುಂಪಾಗಿ ಏಳುತ್ತಿದ್ದವು. ಹುಳಿ ವಾಸನೆ ಬೇರೆ. ಅತ್ತೆ ಒಂದು ದಿನ ಬೆರಳಿನಿಂದ ಮೇಲಿನ ಪದರ ಎಬ್ಬಿಸಿದರು. ರೊಟ್ಟಿಯ ಹಾಗೆ ಒಂದೇ ತುಂಡಾಗಿ ಎದ್ದು ಬಂತು. ಮೇಲೆ ಬಿಳಿ ಬೂಷ್ಟು, ಕೆಳಗಡೆ ಮಣ್ಣು ಒಣ ಒಣ. ನಾನು ದಿನಾ ಹಾಕಿದ ನೀರು ಆ ಪದರದ ಮೇಲೆ ಜಾರಿ ಕುಂಡದ ಅಂಚಿನಿಂದ ಇಳಿದು ಹೋಗುತ್ತಿತ್ತು. ಬೇರಿಗೆ ಒಂದು ಹನಿಯೂ ಸಿಕ್ಕಿರಲಿಲ್ಲ. ಗಿಡ ಉಳಿಯಲಿಲ್ಲ. ಅದು ಅವರು ತವರಿನಿಂದ ತಂದು ನೆಟ್ಟ ಬಳ್ಳಿ. ಅವರು ನನಗೆ ಒಂದು ಮಾತೂ ಅನ್ನಲಿಲ್ಲ. ಆ ಬೇಜಾರು ನನಗೆ ಈಗಲೂ ಹೋಗಿಲ್ಲ. ನಿಮ್ಮ ಬರಹ ಓದಿ ಬೇರೆ ಯಾರ ಗಿಡವೂ ಹೀಗೆ ಹೋಗಬಾರದು ಅನ್ನುವುದೇ ನನ್ನ ಕಳಕಳಿ.

ಹಾಗಂತ ಚರಟವನ್ನು ಸಿಂಕಿಗೆ ಸುರಿಯುವುದೂ ತಪ್ಪು. ಅದನ್ನೂ ಮಾಡಿ ನೋಡಿದ್ದೇನೆ. ಕೆಳಗಿನ ಪೈಪು ಕಟ್ಟಿಕೊಂಡಿತು. ಬಿಚ್ಚಲು ಬಂದ ಹುಡುಗ ಒಳಗಿನಿಂದ ಕರಿ ಮುದ್ದೆ ತೆಗೆದು ತೋರಿಸಿ, "ಬಾಯಾರ, ಎಣ್ಣಿ ಜಿಡ್ಡಿಗೆ ಚಹಾಪುಡಿ ಕೂಡಿದ್ರ ಸಿಮೆಂಟ್ ಆದಂಗ ಆಗ್ತೈತ್ರಿ" ಅಂದ.

ಈಗ ನಾನು ಮಾಡುವುದು ಇಷ್ಟೇ. ಸಿಂಕಿನ ಪಕ್ಕ ಒಂದು ಹಳೇ ಪಾತ್ರೆ ಇಟ್ಟಿದ್ದೇನೆ. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಅದಕ್ಕೆ ಬೀಳುತ್ತದೆ. ಚಹಾ ಸೋಸಿದ ಕೂಡಲೇ ಜರಡಿಯನ್ನು ಅದರಲ್ಲಿ ಅದ್ದಿ ಮೂರು ಸಲ ಆಡಿಸುತ್ತೇನೆ. ಮೊದಲ ಸಲ ನೀರು ಬೆಳ್ಳಗೆ ಮಬ್ಬಾಗುತ್ತದೆ, ಅದೇ ಹಾಲು. ಕೊನೆಗೆ ಒಂದು ಲೋಟ ಒಳ್ಳೆಯ ನೀರು ಹೊಯ್ದು, ಚಮಚದಿಂದ ಒತ್ತಿ ಹಿಂಡಿದರೆ ಮುಗಿಯಿತು. ನಮ್ಮೂರಲ್ಲಿ ನಳದ ನೀರಿನ ಬೆಲೆ ಗೊತ್ತಿರುವವರಿಗೆ ಇದಕ್ಕಿಂತ ಜಾಸ್ತಿ ನೀರು ಸುರಿಯಲು ಮನಸ್ಸು ಬರುವುದಿಲ್ಲ. ಆ ಮಬ್ಬು ನೀರು ಹಿತ್ತಲಿನ ಕರಿಬೇವಿನ ಬುಡಕ್ಕೆ ಹೋಗುತ್ತದೆ. ಕುಂಡಕ್ಕಲ್ಲ, ನೆಲದಲ್ಲಿರುವ ಗಿಡಕ್ಕೆ ಮಾತ್ರ. ನೆಲದ ಮಣ್ಣು ಅಷ್ಟನ್ನು ತಾಳಿಕೊಳ್ಳುತ್ತದೆ.

ಶುಂಠಿ ನಾರು, ಏಲಕ್ಕಿ ಸಿಪ್ಪೆ ಜೊತೆಗಿದ್ದರೆ ತೊಂದರೆಯಿಲ್ಲ. ತೊಳೆದ ಚರಟವನ್ನು ಹಳೇ ಪೇಪರ್ ಮೇಲೆ ತೆಳ್ಳಗೆ ಹರಡಿ ಮಾಳಿಗೆ ಬಿಸಿಲಿಗೆ ಇಟ್ಟರೆ ಬೇಸಿಗೆಯಲ್ಲಿ ಒಂದೇ ದಿನಕ್ಕೆ ಗರಿಗರಿ ಒಣಗುತ್ತದೆ. ಮಳೆಗಾಲದಲ್ಲಿ ಮಾತ್ರ ಕಷ್ಟ. ಆಗ ಒಣಗಿಸುವ ಗೋಜಿಗೆ ಹೋಗದೆ ನೇರ ಗೊಬ್ಬರದ ಡಬ್ಬಿಗೆ ಹಾಕುತ್ತೇನೆ.

ಒಮ್ಮೆ ತೂಕ ಮಾಡಿ ನೋಡಿದೆ. ನಮ್ಮ ಮನೆಯಲ್ಲಿ ನಾಲ್ಕು ಜನ. ವಾರಕ್ಕೆ ಮೂರು ದಿನ ನನ್ನ ಹತ್ತಿರ ಕಸೂತಿ ಕಲಿಯಲು ಆರೇಳು ಹುಡುಗಿಯರು ಬರುತ್ತಾರೆ, ಅವರಿಗೂ ಚಹಾ ಆಗಬೇಕು. ಅಂಥ ದಿನ 25-30 ಗ್ರಾಂ ಪುಡಿ ಖರ್ಚಾದರೆ, ಹಿಂಡಿದ ಮೇಲೂ 90 ಗ್ರಾಂ ಹಸಿ ಚರಟ ಉಳಿಯುತ್ತದೆ. ದೇಶದಲ್ಲಿ ವರ್ಷಕ್ಕೆ ಸುಮಾರು 130 ಕೋಟಿ ಕಿಲೊ ಚಹಾ ತಯಾರಾಗುತ್ತದೆ. ಅದರಲ್ಲಿ ಬಹುಪಾಲು ಕುಡಿಯುವವರು ನಾವೇ. ಅಷ್ಟೆಲ್ಲಾ ಚರಟ ಪ್ಲಾಸ್ಟಿಕ್ ಚೀಲದಲ್ಲಿ ಸೇರಿ ಕಸದ ಗಾಡಿ ಹತ್ತುತ್ತದೆ ಅಂದರೆ ಹೊಟ್ಟೆ ಉರಿಯುತ್ತದೆ.

ಗೊಬ್ಬರದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಒಣ ಚಹಾ ಎಲೆಯಲ್ಲಿ ನೂರಕ್ಕೆ ಸುಮಾರು 4 ಭಾಗ ಸಾರಜನಕ ಇರುತ್ತದೆ. ಗಿಡದ ಎಲೆ ಹಸಿರಾಗಿ ಬರಲು ಬೇಕಾದದ್ದು ಅದೇ. ಕುದಿಸಿದರೂ ಅದರಲ್ಲಿ ದೊಡ್ಡ ಪಾಲು ಚರಟದಲ್ಲೇ ಉಳಿಯುತ್ತದೆ. ಆದರೆ ಹಾಕಿದ ಮರುದಿನವೇ ಗಿಡಕ್ಕೆ ಅದು ಸಿಗುವುದಿಲ್ಲ. ಮೊದಲು ಕೊಳೆಯಬೇಕು. ಹಳೇ ಪೇಂಟ್ ಡಬ್ಬಿಗೆ ತಳದಲ್ಲೂ ಬದಿಯಲ್ಲೂ ತೂತು ಹೊಡೆದು, ಒಂದು ಹಿಡಿ ಚರಟಕ್ಕೆ ಎರಡು-ಮೂರು ಹಿಡಿ ಒಣ ಎಲೆಯ ಲೆಕ್ಕದಲ್ಲಿ ಪದರ ಪದರವಾಗಿ ಹಾಕುತ್ತೇನೆ. ಮೇಲೆ ಒಂದಿಷ್ಟು ಮಣ್ಣು. ವಾರಕ್ಕೊಮ್ಮೆ ಕೋಲಿನಿಂದ ಕೆದಕುತ್ತೇನೆ. ಎರಡು-ಮೂರು ತಿಂಗಳಿಗೆ ಮಣ್ಣಿನ ವಾಸನೆ ಬರುತ್ತದೆ. ಆಗ ಅದು ತಯಾರು ಅಂತ ಅರ್ಥ. ಎರೆಹುಳು ಬಿಟ್ಟವರಿಗೆ ಇನ್ನೂ ಬೇಗ ಆಗುತ್ತದೆ.

ಆತುರಪಟ್ಟರೆ ಏನಾಗುತ್ತದೆ ಅಂತ ಕೊತ್ತಂಬರಿ ಬಿತ್ತಿ ನೋಡಿದ್ದೇನೆ. ಒಂದು ಕುಂಡದ ಮೇಲ್ಮಣ್ಣಿಗೆ ತೊಳೆದ ಹಸಿ ಚರಟ ಎರಡು ಹಿಡಿ ಕಲಸಿದೆ. ಇನ್ನೊಂದಕ್ಕೆ ಕೊಳೆತ ಗೊಬ್ಬರ ಅಷ್ಟೇ ಹಾಕಿದೆ. ಬೀಜ ಒಂದೇ ಪೊಟ್ಟಣದ್ದು, ನೀರೂ ಒಂದೇ. ಗೊಬ್ಬರದ ಕುಂಡ ಹತ್ತು-ಹನ್ನೆರಡು ದಿನಕ್ಕೆ ಹಸಿರು ಚಾಪೆಯಾಯಿತು. ಚರಟದ ಕುಂಡದಲ್ಲಿ ಅಲ್ಲೊಂದು ಇಲ್ಲೊಂದು ಮೊಳಕೆ. ಚಹಾದಲ್ಲಿರುವ ಕೆಫೀನ್ ಬೀಜ ಮೊಳೆಯುವುದನ್ನು ತಡೆಯುತ್ತದೆ. ಆದ್ದರಿಂದ ಬಿತ್ತುವ ಕುಂಡಕ್ಕೆ, ಎಳೆ ಸಸಿಗೆ ಹಸಿ ಚರಟ ಬೇಡವೇ ಬೇಡ. ಬೆಳೆದ ಗುಲಾಬಿ, ದಾಸವಾಳಕ್ಕೆ ತಿಂಗಳಿಗೊಂದು ಹಿಡಿ ತೊಳೆದು ಒಣಗಿಸಿದ್ದನ್ನು ಮಣ್ಣಿನಲ್ಲಿ ಕೆದಕಿ ಬೆರೆಸಬಹುದು. ಸುಮ್ನೆ ಮೇಲೆ ಸುರಿಯಬೇಡಿ. ಲೋಳೆಸರ, ಕಳ್ಳಿ ಜಾತಿಗೆ ಇದರ ಅಗತ್ಯವೇ ಇಲ್ಲ.

ನಿಮ್ಮ ಬರಹದಲ್ಲಿ ಬರದ ಒಂದು ಉಪಯೋಗ ನನಗೆ ಎಲ್ಲಕ್ಕಿಂತ ಪ್ರೀತಿಯದು. ಅದು ಬಟ್ಟೆಗೆ ಬಣ್ಣ ಕಟ್ಟುವುದು. ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ. ಎಳೆ ಎಣಿಸಿ ಹೊಲಿಗೆ ಹಾಕಬೇಕು. ಗವಂತಿ, ಮುರ್ಗಿ, ನೇಗಿ, ಮೆಂತೆ, ಎಲ್ಲಾ ಹೊಲಿಗೆಗೂ ಲೆಕ್ಕವೇ ಮುಖ್ಯ. ಹೊಸದಾಗಿ ಕಲಿಯುವವರಿಗೆ ನಾನು ಮ್ಯಾಟಿ ಬಟ್ಟೆ ಕೊಡುತ್ತೇನೆ, ಅದರ ಎಳೆ ಚೆನ್ನಾಗಿ ಕಾಣುತ್ತದೆ. ಆದರೆ ಟ್ಯೂಬ್‌ಲೈಟಿನ ಕೆಳಗೆ ಅಚ್ಚ ಬಿಳಿ ಬಟ್ಟೆಯ ಎಳೆ ಎಣಿಸುತ್ತಾ ಕೂತರೆ ಅರ್ಧ ಗಂಟೆಗೆ ಕಣ್ಣು ಕುಕ್ಕುತ್ತದೆ. ತಿಳಿ ಕಂದು ಬಟ್ಟೆಯಾದರೆ ಕಣ್ಣಿಗೆ ತಂಪು. ಅದರ ಮೇಲೆ ಕೆಂಪು, ಹಸಿರು ದಾರದ ಗೋಪುರ, ತುಳಸಿ ವೃಂದಾವನ ಎದ್ದು ಕಾಣುತ್ತವೆ.

ಮಾಡುವುದು ಹೀಗೆ. ಬಟ್ಟೆ ಹತ್ತಿಯದೇ ಆಗಬೇಕು. ಮೊದಲು ಬಿಸಿನೀರಿನಲ್ಲಿ ನೆನೆಸಿ ಒಗೆದು ಗಂಜಿ ತೆಗೆಯಬೇಕು. ಎರಡು ಲೀಟರ್ ನೀರಿಗೆ ಒಣ ಚರಟ ಎರಡು ದೊಡ್ಡ ಬಟ್ಟಲು ಹಾಕಿ ಅರ್ಧ ಗಂಟೆ ಕುದಿಸಿ, ತೆಳು ಬಟ್ಟೆಯಲ್ಲಿ ಸೋಸಬೇಕು. ಒಂದು ಕಾಳೂ ಉಳಿಯಬಾರದು. ಉಳಿದರೆ ಅಲ್ಲೇ ಚುಕ್ಕೆ ಬೀಳುತ್ತದೆ. ಒದ್ದೆ ಬಟ್ಟೆಯನ್ನು ಆ ನೀರಿಗೆ ಬಿಟ್ಟು ಸಣ್ಣ ಉರಿಯಲ್ಲಿ ಇನ್ನರ್ಧ ಗಂಟೆ ಇಟ್ಟು, ಆಗಾಗ ಕೋಲಿನಿಂದ ತಿರುವಿ, ರಾತ್ರಿಯಿಡೀ ಹಾಗೇ ಬಿಡಿ. ಬೆಳಿಗ್ಗೆ ಹಿಂಡಿ ನೆರಳಲ್ಲಿ ಒಣಗಿಸಿದರೆ ಗೋಧಿ ಬಣ್ಣ ಬಂದಿರುತ್ತದೆ. ಒಮ್ಮೆ ಕುದ್ದ ಪುಡಿಯಾದ್ದರಿಂದ ಗಾಢ ಕಂದು ಬರುವುದಿಲ್ಲ, ಅದನ್ನು ಬಯಸಲೂ ಬಾರದು.

ಇಲ್ಲೂ ತೊಳೆಯುವ ಮಾತೇ. ಹಾಲಿನ ಜಿಡ್ಡು ಉಳಿದ ಚರಟದಲ್ಲಿ ಅದ್ದಿದರೆ ಬಟ್ಟೆ ಪಟ್ಟೆ ಪಟ್ಟೆಯಾಗುತ್ತದೆ. ಒಣಗಿದ ಮೇಲೂ ಹಳಸಿದ ಹಾಲಿನ ವಾಸನೆ.

ಇನ್ನೊಂದು ಹೆಜ್ಜೆ ಇದೆ. ತುಕ್ಕು ಹಿಡಿದ ಹತ್ತು-ಹನ್ನೆರಡು ಮೊಳೆಗಳನ್ನು ಹುಣಸೆ ನೀರಿನಲ್ಲಿ ನಾಲ್ಕೈದು ದಿನ ನೆನೆಹಾಕಿ. ಚಹಾ ಬಣ್ಣದ ಬಟ್ಟೆಯನ್ನು ಆ ನೀರಿನಲ್ಲಿ ಅದ್ದಿದರೆ ಕಣ್ಣೆದುರೇ ಕಂದು ಹೋಗಿ ಮಳೆಮೋಡದ ಬೂದು ಬಣ್ಣ ಬರುತ್ತದೆ. ಚಹಾದ ಒಗರು, ಅಂದರೆ ಟ್ಯಾನಿನ್, ಕಬ್ಬಿಣದ ಜೊತೆ ಕೂಡಿ ಕಪ್ಪಾಗುತ್ತದೆ. ಹಿಂದಿನ ಬಣ್ಣಗಾರರು ಅಣಲೆಕಾಯಿ ಮತ್ತು ಕಬ್ಬಿಣದಿಂದ ಕಪ್ಪು ಬಣ್ಣ ಮಾಡುತ್ತಿದ್ದುದೂ ಇದೇ ಗುಣದಿಂದ. ಎರಡು ನಿಮಿಷಕ್ಕಿಂತ ಜಾಸ್ತಿ ಬಿಡಬೇಡಿ, ಕಬ್ಬಿಣ ಹೆಚ್ಚಾದರೆ ಎಳೆ ಬೇಗ ಸವೆಯುತ್ತದೆ. ಮೊದಲ ಸಲ ಆ ಬೂದು ಬಟ್ಟೆಯನ್ನು ಕೈಯಲ್ಲಿ ಹಿಡಿದಾಗ ಅಜ್ಜಿಯ ಪೆಟ್ಟಿಗೆಯಲ್ಲಿದ್ದ ಕಪ್ಪು ಚಂದ್ರಕಾಳಿ ಸೀರೆ ನೆನಪಾಯಿತು. ನಾನು ಮೊದಲು ಕಸೂತಿ ಕಂಡಿದ್ದು ಆ ಸೀರೆಯ ಸೆರಗಿನಲ್ಲಿ.

ಬೇರೆ ಉಪಯೋಗಗಳನ್ನು ನೀವೇ ಬರೆದಿದ್ದೀರಿ. ಒಣ ಚರಟ ಬಟ್ಟಲಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟರೆ ವಾಸನೆ ಹೀರುತ್ತದೆ, ನಿಜ. ಮದರಂಗಿ ಕಲಸಲು ಚರಟ ಕುದಿಸಿದ ನೀರೂ ಆಗುತ್ತದೆ. ಜಿಡ್ಡಿನ ಬಾಣಲೆ ತಿಕ್ಕಲು ಒಂದು ಹಿಡಿ ಸಾಕು. ಆದರೆ ಕಡಲೆಕಾಳು ಬೇಯಿಸುವಾಗ ಬಣ್ಣಕ್ಕಾಗಿ ಚರಟದ ಗಂಟು ಹಾಕಿ ಅಂದಿದ್ದೀರಲ್ಲ, ಅದು ಬೇಡ ಅನ್ನುತ್ತೇನೆ. ಹಾಲು ಸೋಕಿ ಗಂಟೆಗಟ್ಟಲೆ ಕೂತ ಚರಟ ಅಡುಗೆಗೆ ಬರಬಾರದು. ಅಲ್ಲದೆ ಚಹಾದ ಟ್ಯಾನಿನ್ ಊಟದಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತದಂತೆ ತಡೆಯುತ್ತದೆ. ರಕ್ತ ಕಡಿಮೆಯಿರುವ ಹೆಣ್ಣುಮಕ್ಕಳು ನಮ್ಮಲ್ಲಿ ಎಷ್ಟು ಜನರಿದ್ದಾರೆ! ಬೆಳಗಿನ ಚರಟಕ್ಕೇ ಹೊಸ ಪುಡಿ ಸೇರಿಸಿ ಸಂಜೆ ಮತ್ತೆ ಕುದಿಸುವ ರೂಢಿಯನ್ನೂ ಬಿಡಬೇಕು.

ಕೊನೆಗೆ ಒಂದು ಗಂಭೀರ ವಿಷಯ. ನಮ್ಮ ಬಸ್‌ಸ್ಟಾಪಿನ ಚಹಾದಂಗಡಿಯಲ್ಲಿ ದಿನಕ್ಕೆ ಒಂದು ಕಿಲೊದಷ್ಟು ಪುಡಿ ಕುದಿಯುತ್ತದೆ. ಚರಟ ನನಗೆ ಕೊಡಿ ಅಂತ ಕೇಳಲು ಹೋದಾಗ ಅಂಗಡಿಯವರು ಮೊದಲು ಅನುಮಾನದಿಂದ ನೋಡಿದರು. "ಏನ್ ಮಾಡ್ತೀರಿ ಅಕ್ಕಾರ ಇದನ್ನ? ಹಿಂದೊಬ್ಬಾಂವ ಒಣಗಿಸಿ ಕೊಡು, ಕಿಲೋಕ್ಕ ಇಷ್ಟ್ ಕೊಡ್ತೀನಿ ಅಂತ ಬಂದಿದ್ದ. ನಾ ಕೊಡಲಿಲ್ರೀ" ಅಂದರು. ಸಾರ ಹೋದ ಪುಡಿ ಒಣಗಿಸಿ, ಬಣ್ಣ ಹಚ್ಚಿ, ಹೊಸ ಪುಡಿಗೆ ಬೆರೆಸಿ ಮಾರುವ ದಂಧೆ ಇದೆ ಎಂಬುದು ಅವರಿಗೆ ಗೊತ್ತಿತ್ತು. ಆದ್ದರಿಂದ ಒಣಗಿಸಿದ ಚರಟವನ್ನು ಗುರುತಿಲ್ಲದವರಿಗೆ ಯಾರೂ ಮಾರಬೇಡಿ. ನೀವು ತರುವ ಪುಡಿಯ ಮೇಲೂ ಒಂದು ಕಣ್ಣಿರಲಿ. ದೇಶದ ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐ ಹೇಳಿರುವ ಪರೀಕ್ಷೆ ಬಹಳ ಸುಲಭ. ಫಿಲ್ಟರ್ ಪೇಪರ್ ಮೇಲೆ ಸ್ವಲ್ಪ ಪುಡಿ ಹರಡಿ ನಾಲ್ಕು ಹನಿ ತಣ್ಣೀರು ಚಿಮುಕಿಸಿ. ಆಮೇಲೆ ಪೇಪರನ್ನು ನಳದ ಕೆಳಗೆ ತೊಳೆದು ಬೆಳಕಿಗೆ ಹಿಡಿಯಿರಿ. ಶುದ್ಧ ಪುಡಿಯಾದರೆ ಕಲೆ ಇರುವುದಿಲ್ಲ. ಬಣ್ಣ ಹಚ್ಚಿದ್ದಾದರೆ ಕರಿ-ಕಂದು ಕಲೆ ಉಳಿಯುತ್ತದೆ.

ಈಗ ಆ ಅಂಗಡಿಯವರು ದಿನಾ ಸಂಜೆ ನನಗಾಗಿ ಒಂದು ಬಕೆಟ್ ತೆಗೆದಿಡುತ್ತಾರೆ, ಅದೂ ಒಂದು ನೀರು ತೊಳೆದು. ಓಣಿಯ ಐದು ಮನೆಯವರು ಹಂಚಿಕೊಳ್ಳುತ್ತೇವೆ.

ಮುಂದಿನ ಸಲ ಇಂಥ ಸಲಹೆ ಪ್ರಕಟಿಸುವಾಗ ‘ಮೊದಲು ತೊಳೆಯಿರಿ’ ಅನ್ನುವ ಎರಡು ಪದ ದಯವಿಟ್ಟು ಸೇರಿಸಿ. ಪತ್ರದ ಜೊತೆ ಎರಡು ಬಟ್ಟೆ ತುಂಡು ಇಟ್ಟಿದ್ದೇನೆ. ಪಟ್ಟೆ ಪಟ್ಟೆಯಾದದ್ದು ತೊಳೆಯದ ಚರಟದ್ದು. ಇನ್ನೊಂದು ತೊಳೆದದ್ದು. ಅದರ ಮೂಲೆಯಲ್ಲಿರುವ ಸಣ್ಣ ಗೋಪುರ, ಕಲಿಯಲು ಬರುವ ಹುಡುಗಿಯರಲ್ಲಿ ಎಲ್ಲರಿಗಿಂತ ಚಿಕ್ಕವಳು ಕಳೆದ ವಾರ ಹಾಕಿದ್ದು.

ಇಂತಿ,
ನಿಮ್ಮ ಓದುಗಳು
ಮಾಳಮಡ್ಡಿ, ಧಾರವಾಡ