ಗೃಹ ಸಚಿವರಿಗೊಂದು ಬಹಿರಂಗ ಪತ್ರ: ಶಿಕ್ಷೆ ಆಯ್ತು, ಜೈಲಿನ ಒಳಗೆ ಏನಾಗ್ತಿದೆ?

ಮಾನ್ಯ ಗೃಹ ಸಚಿವರೇ,

ನಮಸ್ಕಾರ. ಪೋಕ್ಸೊ, ಅಂದ್ರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಕಾಯ್ದೆಯ ಕೇಸಲ್ಲಿ ಶಿಕ್ಷೆ ಆದ ಸುದ್ದಿ ನಮ್ಮ ದಾವಣಗೆರೆ, ಚಿತ್ರದುರ್ಗದ ಪತ್ರಿಕೆಗಳ ಒಳಪುಟದಲ್ಲಿ ಆಗಾಗ ಬರುತ್ತದೆ. ನಾಲ್ಕೇ ಸಾಲು. 20 ವರ್ಷ ಕಠಿಣ ಸಜೆ, ಇಷ್ಟು ದಂಡ, ಸರ್ಕಾರಿ ವಕೀಲರ ಹೆಸರು, ಮುಗೀತು. ಓದಿದವರು ‘ಸರಿಯಾಯ್ತು ಬಿಡು’ ಅಂತಾರೆ. ನಾನೂ ಅಂತೀನಿ, ಶಿಕ್ಷೆ ಆಗಲೇಬೇಕು. ಆದರೆ ಶಿಕ್ಷೆ ಆದವನನ್ನು ಶಿವಮೊಗ್ಗಕ್ಕೋ ಬಳ್ಳಾರಿಗೋ ಕೇಂದ್ರ ಕಾರಾಗೃಹಕ್ಕೆ ಕಳಿಸಿದ ಮೇಲೆ ಒಳಗೆ ಅವನನ್ನು ಬದಲಾಯಿಸೋಕೆ ಏನು ಮಾಡ್ತೀರಿ ಅಂತ ಯಾರೂ ಕೇಳೋದಿಲ್ಲ. ನಾನು ಕೇಳ್ತಿದ್ದೀನಿ.

ನಾನು ಇಲ್ಲೇ ಶಾಲೆಯಲ್ಲಿ ಪಾಠ ಮಾಡುವವಳು. ನನಗೆ ಗೊತ್ತಿರುವ ಒಂದು ಮಗು ಇದೆ, ಗುರುತು ಹೇಳುವಂತಿಲ್ಲ, ಹೇಳಲೂಬಾರದು. ಹಾಳು ಕೆಲಸ ಮಾಡಿದವನು ತಾಯಿಯ ಒಡಹುಟ್ಟಿದ ತಮ್ಮ. ಈಗ ಜೈಲಿನಲ್ಲಿದ್ದಾನೆ. ಅಜ್ಜಿ ಮಗನನ್ನು ನೋಡೋಕೆ ಹೋಗುವ ಹಿಂದಿನ ರಾತ್ರಿ ಅದೇ ಮನೆಯಲ್ಲಿ ಕೂತು ಅವನ ಹಳೇ ಅಂಗಿ ಮಡಚಿ ಚೀಲಕ್ಕೆ ಹಾಕ್ತಾರೆ, ಅದನ್ನು ನೋಡಿದ ಕೂಡಲೇ ಮಗು ಊಟ ಬಿಟ್ಟು ಎದ್ದು ಹೋಗುತ್ತೆ. ಆ ತಾಯಿ ನನ್ನನ್ನು ಕೇಳಿದ್ದು ಇಷ್ಟೇ: “ಮೇಡಂ, ಅವನು ಬಿಡುಗಡೆ ಆಗೋ ದಿನ ನಮಗೆ ಯಾರು ಹೇಳ್ತಾರೆ? ಅವತ್ತು ನಮ್ಮಮ್ಮ ಅವನನ್ನ ಒಳಗೆ ಕರ್ಕೊಳ್ಳದೇ ಇರ್ತಾಳಾ?”

ಇದು ಒಂದು ಮನೆಯ ಕಥೆ ಅಲ್ಲ ಸಾರ್. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಲ್ಲೇ ಮಕ್ಕಳ ಮೇಲಿನ ಅತ್ಯಾಚಾರದ ನೂರು ಕೇಸಲ್ಲಿ 90ಕ್ಕೂ ಜಾಸ್ತಿ ಕೇಸಲ್ಲಿ ಆರೋಪಿ ಮಗುವಿಗೆ ಗೊತ್ತಿದ್ದವನೇ. ನೆಂಟ, ಪಕ್ಕದ ಮನೆಯವನು, ಪಾಠ ಹೇಳುವವನು. ಪೋಕ್ಸೊ ಕಾಯ್ದೆಗೆ 2019ರ ತಿದ್ದುಪಡಿ ಬಂದ ಮೇಲೆ 16 ವರ್ಷದೊಳಗಿನ ಮಗುವಿನ ಮೇಲೆ ಅತ್ಯಾಚಾರ ಮಾಡಿದರೆ ಕಡಿಮೆ ಅಂದ್ರೂ 20 ವರ್ಷ. ಅತ್ಯಾಚಾರವಲ್ಲದ ಬೇರೆ ಲೈಂಗಿಕ ಅಪರಾಧಗಳಲ್ಲಿ ಅದಕ್ಕಿಂತ ಕಡಿಮೆ ಶಿಕ್ಷೆಯ ಪ್ರಕರಣಗಳೂ ಇವೆ, ಮೂರು ವರ್ಷ, ಐದು ವರ್ಷ. ಅಂದ್ರೆ ಇವರಲ್ಲಿ ಬಹಳ ಜನ ಒಂದಲ್ಲ ಒಂದು ದಿನ ಅದೇ ಓಣಿಗೆ ವಾಪಸ್ ಬರ್ತಾರೆ, ಅಲ್ವಾ?

ಜೈಲಿನಲ್ಲಿ ಬಡಗಿ ಕೆಲಸ, ನೇಯ್ಗೆ, ಬೇಕರಿ ಕೆಲಸ ಕಲಿಸ್ತೀರಿ. ಒಳ್ಳೆಯದೇ. ಆದರೆ ಕುರ್ಚಿ ಮಾಡೋಕೆ ಕಲಿತವನ ಕಣ್ಣು ಮಗುವಿನ ಮೇಲಿಂದ ಸರಿಯುತ್ತೆ ಅನ್ನೋ ಗ್ಯಾರಂಟಿ ಏನು? ಅವನ ತಲೆಯೊಳಗಿನ ಆಸೆ, ‘ಮಗು ಸುಮ್ನೆ ಇತ್ತಲ್ಲ’ ಅನ್ನೋ ಸುಳ್ಳು ಸಮಾಧಾನ, ಇವುಗಳ ಜೊತೆ ತರಬೇತಾದ ಮನೋವೈದ್ಯರು, ಮನಶ್ಶಾಸ್ತ್ರಜ್ಞರು ವರ್ಷಗಟ್ಟಲೆ ಕೂರಬೇಕು.

ಹಾಗಂತ ಏನೋ ಒಂದು ಕ್ಲಾಸ್ ಶುರು ಮಾಡಿ ಫೋಟೋ ತೆಗೆಸಿಕೊಂಡರೆ ಆಗಲ್ಲ. ಇಂಗ್ಲೆಂಡಿನ ಜೈಲುಗಳಲ್ಲಿ ಲೈಂಗಿಕ ಅಪರಾಧಿಗಳಿಗೆ ಅಂತಲೇ ಒಂದು ದೊಡ್ಡ ಚಿಕಿತ್ಸಾ ಕಾರ್ಯಕ್ರಮ 1990ರ ದಶಕದಿಂದ ನಡೀತಿತ್ತು. 2017ರಲ್ಲಿ ಅಲ್ಲಿನ ಸರ್ಕಾರವೇ ಲೆಕ್ಕ ಹಾಕಿಸಿದಾಗ, ಚಿಕಿತ್ಸೆ ಪಡೆದವರಲ್ಲಿ ಶೇ. 10ರಷ್ಟು, ಪಡೆಯದವರಲ್ಲಿ ಶೇ. 8ರಷ್ಟು ಜನ ಮತ್ತೆ ಲೈಂಗಿಕ ಅಪರಾಧ ಮಾಡಿದ್ದು ಗೊತ್ತಾಯ್ತು. ಅದನ್ನು ಪ್ರಕಟಿಸಿದರು, ಆ ಕಾರ್ಯಕ್ರಮ ಕೈಬಿಟ್ಟು ಬೇರೆಯದನ್ನು ತಂದರು. ಹಾಗೆ ಅಳೆದು ನೋಡುವ ಧೈರ್ಯ ನಮಗೂ ಬೇಕು. ಕೆನಡಾದಲ್ಲಿ 1994ರಿಂದ ಇನ್ನೊಂದು ದಾರಿ ಇದೆ, ಬಿಡುಗಡೆಯಾದವನ ಸುತ್ತ ತರಬೇತಾದ ನಾಲ್ಕಾರು ಸ್ವಯಂಸೇವಕರು ಇದ್ದು ಅವನ ಮೇಲೆ ಕಣ್ಣಿಡ್ತಾರೆ, ನೆರವೂ ಆಗ್ತಾರೆ.

ಪ್ರತಿ ರಾಜ್ಯದಲ್ಲಿ ಒಂದು ಜೈಲಿನಲ್ಲಾದರೂ ಮಾನಸಿಕ ಆರೋಗ್ಯ ಕೇಂದ್ರ ಇರಬೇಕು ಅಂತ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತೆ. ನಿಮ್ಹಾನ್ಸ್ ನಮ್ಮ ರಾಜ್ಯದಲ್ಲೇ ಇದೆ. ಶಿವಮೊಗ್ಗ ಜೈಲಿನಿಂದಲೇ ಶುರು ಮಾಡಿ, ಫಲಿತಾಂಶ ಏನೇ ಬರಲಿ ವಿಧಾನಸಭೆಯ ಮುಂದಿಡಿ.

ಇನ್ನೊಂದು ಕೆಲಸಕ್ಕೆ ಜಾಸ್ತಿ ದುಡ್ಡೂ ಬೇಡ. ಬೇಲು, ತೀರ್ಪು, ಶಿಕ್ಷೆಯ ವಿಷಯ ಮಗುವಿನ ಮನೆಯವರಿಗೆ ತಿಳಿಸಬೇಕು ಅಂತ 2020ರ ಪೋಕ್ಸೊ ನಿಯಮಗಳಲ್ಲಿದೆ. ಪೆರೋಲ್ ಮೇಲೆ ಬರುವಾಗ, ಶಿಕ್ಷೆ ಮುಗಿಸಿ ಬರುವಾಗಲೂ ಮೊದಲೇ ಠಾಣೆಯಿಂದ ಆ ಮನೆಗೆ ಹೇಳಿ ಕಳಿಸುವಂತೆ ಒಂದು ಆದೇಶ ಹೊರಡಿಸಿ. ಆ ತಾಯಿಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ. ಅದನ್ನು ಕೊಡಬೇಕಾದವರು ನೀವು.

ಇತಿ,
ದಾವಣಗೆರೆಯ ಒಬ್ಬ ಶಿಕ್ಷಕಿ